ನೀಲಿ ಪಟ್ಟಿಯ ಸೀಸೆ

"ಸತ್ತಿವೆ ಸಿ ಖಮೈಸ್. ಒಂದೂ ಉಳಿದಿಲ್ಲ. ಇನ್ನು ಹೊರಡೋಣ, ಉಪವಾಸ ಬಿಡೋ ಹೊತ್ತಾಯ್ತು."

ಪ್ರೊಫೆಸರ್ ಬೆಷೀರ್ ರೆಕಿಕ್ ಸೂಕ್ಷ್ಮದರ್ಶಕದಿಂದ ಥಟ್ಟನೆ ಕಣ್ಣು ತೆಗೆದು, ಹೆಸರಿಗೆ ಮರ್ಯಾದೆಯ 'ಸಿ' ಸೇರಿಸಿ ನನಗೆ ಹೇಳಿದರು. ದನಿಯೇನೋ ಸಲೀಸಾಗಿತ್ತು, ಆದರೆ ಕೈಗವಸು ತೊಟ್ಟ ಬೆರಳುಗಳು ತಿರುಪನ್ನು ಬಿಟ್ಟಿರಲಿಲ್ಲ.

ಸಲೂವಾಳ ಬಿಡುಗಡೆ ಆ ಸೀಸೆಯೊಳಗಿನ ಕೋಶಗಳನ್ನೇ ನಂಬಿತ್ತು.

ಸ್ಫಾಕ್ಸ್‌ನ ರಕ್ತರೋಗ ಸಂಶೋಧನಾಲಯದ ನಿರ್ದೇಶಕ ನೆಜೀಬ್ ಎಲ್ಲೂಜ್ ದ್ರವ ಸಾರಜನಕದ ಉಗ್ರಾಣದಲ್ಲಿ ಉಸಿರುಗಟ್ಟಿ ಸತ್ತು ಎಂಟು ದಿನ. ಆ ಸಂಜೆ ಈ ನೆಲಮಾಳಿಗೆಯ ಬಾಗಿಲನ್ನು ತೆರೆದದ್ದು ಇಲ್ಲಿ ಕೆಲಸ ಮಾಡುವ ಸಲೂವಾಳ ಕಾರ್ಡ್ ಒಂದೇ ಎಂದು ಬಾಗಿಲ ದಾಖಲೆಯ ಯಂತ್ರ ಹೇಳಿತು. ಯಂತ್ರ ಹೇಳಿದ್ದನ್ನು ಪೊಲೀಸರು ನಂಬಿದರು. ಕೊಲೆಯೆಂದು ಅವಳನ್ನು ಹಿಡಿದು, ಕೋಣೆಗೆ ಸೀಲು ಹಾಕಿದರು.

ಬೆಳಿಗ್ಗೆ ಅವಳು ತನಿಖಾ ನ್ಯಾಯಾಧೀಶರ ಮುಂದೆ ನಿಲ್ಲಬೇಕು. ಹೊಸದೇನೂ ಸಿಗದಿದ್ದರೆ ಅಲ್ಲಿಂದ ನೇರ ಹೆಂಗಸರ ಜೈಲು. ಅವಳ ತಾಯಿ ದಲೆಂದಾ ನಮ್ಮ ಗೋಡೆಯಾಚೆಯ ಮನೆಯವಳು. ಈ ರಮದಾನಿನಲ್ಲೂ ಉಪವಾಸ ಬಿಡುವ ಹೊತ್ತಿಗೆ ಮಗಳ ತಟ್ಟೆಯನ್ನು ಹಾಕಿ, ಆರಿದ ಮೇಲೆ ತಾನೇ ಎತ್ತಿಡುತ್ತಾಳೆ. ಅದನ್ನು ಗೋಡೆಯ ಮೇಲಿಂದ ನೋಡಿದ ದಿನವೇ ನಾನು, ಪೊಲೀಸ್ ನೌಕರಿ ಬಿಟ್ಟು ಮೊಮ್ಮಕ್ಕಳ ಜೊತೆ ಕಾಲ ಕಳೆಯುತ್ತಿದ್ದವನು, ಹಳೆಯ ಕೋಟು ಕೊಡವಿಕೊಂಡು ಎದ್ದದ್ದು.

ನಿನ್ನೆ ಪೊಲೀಸ್ ಠಾಣೆಯ ಕಂಬಿಯಾಚೆಯಿಂದ ಸಲೂವಾ ಒಂದೇ ಮಾತು ಹೇಳಿದ್ದಳು. "ಮಾಮ, ನೀಲಿ ಪಟ್ಟಿ ಅಂಟಿಸಿದ ಸೀಸೆ ಒಂದಿದೆ. ಅದ್ರಲ್ಲಿರೋ ಕೋಶಗಳಿಗೆ ದಿನ ಬಿಟ್ಟು ದಿನ ನಾನೇ ತಿನ್ನಿಸ್ತಿದ್ದೆ. ತಿನ್ನಿಸದೇ ಇದ್ರೆ ಮೂರು ನಾಲ್ಕು ದಿನಾನೂ ಬದುಕಲ್ಲ ಅವು. ಈಗ ಸತ್ತಿರ್ಬೇಕು. ಅಕಸ್ಮಾತ್ ಬದುಕಿದ್ರೆ, ನನ್ನ ಬಿಟ್ಟು ಇನ್ಯಾರೋ ಆ ಕೋಣೆಗೆ ಹೋಗ್ತಾರೆ ಅಂತ ಅರ್ಥ."

ಕ್ಯಾನ್ಸರಿನ ಕೋಶಗಳು ಬದುಕಿರಲಿ ದೇವರೇ ಎಂದು ನಾನು ಹರಕೆ ಹೊತ್ತದ್ದು ಬಾಳಿನಲ್ಲಿ ಅದೇ ಮೊದಲು.

ಹರಕೆ ಸುಳ್ಳಾಯಿತು.

"ಹೋಗೋಣ ಬನ್ನಿ," ಎಂದೆ. ಬಾಗಿಲ ಪಕ್ಕದ ಕರೆಗುಂಡಿ ಒತ್ತಿದೆ. ಒಳಗಿಂದ ತೆರೆಯುವ ಸ್ವಿಚ್ಚನ್ನು ಪೊಲೀಸರು ಕಿತ್ತಿದ್ದರು. ಕಾವಲುಗಾರ ಜಿಲಾನಿ ಹೊರಗಿಂದ ತೆರೆಯಬೇಕು. ಸೀಲು ಒಡೆದು ನಮ್ಮನ್ನು ಒಳಗೆ ಬಿಟ್ಟವನೂ ಅವನೇ.

ಉತ್ತರವಿಲ್ಲ. ಮತ್ತೆ ಒತ್ತಿದೆ. ಒತ್ತಿ ಹಿಡಿದೆ.

"ಜಿಲಾನಿ! ಲೋ ಜಿಲಾನಿ! ಸತ್ತ್ಯಾ ಏನೋ?"

"ಸೂಪಿನ ಮುಂದೆ ಕೂತಿರ್ತಾನೆ," ಎಂದರು ರೆಕಿಕ್. "ಅವನ ಮನೆ ಹಿಂದಿನ ಬೀದೀಲೇ. ರಮದಾನಿನಲ್ಲಿ ಉಪವಾಸ ಬಿಡೋ ತೋಪು ಹಾರೋಕೆ ಮುಂಚೆ ಹೋದ್ರೆ, ಊಟ, ನಮಾಜು, ಕಾಫಿ, ಇಸ್ಪೀಟು ಎಲ್ಲಾ ಮುಗಿಸ್ಕೊಂಡೇ ಬರೋದು."

"ನಾವಿಬ್ರು ಒಳಗಿದ್ದೀವಿ ಅನ್ನೋದು ಮರೆತುಬಿಟ್ನಾ?"

"ಹಸಿದವನಿಗೆ ಏನು ನೆನಪಿರುತ್ತೆ ಸಿ ಖಮೈಸ್?"

ಫೋನ್ ತೆಗೆದೆ. ನೆಲಮಾಳಿಗೆಯಲ್ಲಿ ಸಿಗ್ನಲ್ಲಿನ ಒಂದು ಗೆರೆಯೂ ಇಲ್ಲ. ಕುರ್ಚಿ ಹತ್ತಿ ಗಾಳಿಗಿಂಡಿಯ ಹತ್ತಿರ ಹಿಡಿದೆ. ಅಲ್ಲೂ ಇಲ್ಲ. ಮನೆಯಲ್ಲಿ ಹೆಂಡತಿ ಝೊಹ್ರಾ, ಹಾಳೆಯಂಥ ಹಿಟ್ಟಿನಲ್ಲಿ ಮೊಟ್ಟೆ ಮಡಚಿದ ಬ್ರಿಕ್ ಕರಿಯಲು ಎಣ್ಣೆ ಇಟ್ಟಿರುತ್ತಾಳೆ. ಅದು ಬಾಣಲೆಯಿಂದ ನೇರ ಬಾಯಿಗೆ ಬರಬೇಕಾದ ಪದಾರ್ಥ. ತಡವಾಗಿ ಹೋದರೆ ಮೊಟ್ಟೆಯ ಜೊತೆ ನನ್ನನ್ನೂ ಮಡಚಿ ಎಣ್ಣೆಗೆ ಬಿಡುತ್ತಾಳೆ.

ಕೋಣೆ ಸುತ್ತ ಕಣ್ಣಾಡಿಸಿದೆ. ಕಿಟಕಿಯಿಲ್ಲ. ಬಿಳಿ ಗೋಡೆ, ಬಿಳಿ ದೀಪ. ಕೋಶಗಳನ್ನು ಬೆಚ್ಚಗಿಡುವ ಪೆಟ್ಟಿಗೆಯ ಗುಂಯ್‌ ಸದ್ದು. ಹಿಂದಿನ ಗೋಡೆಯಲ್ಲಿ ಇನ್ನೊಂದು ಉಕ್ಕಿನ ಬಾಗಿಲು. ಅದರ ಮೇಲೆ ಅಂಗೈಯಗಲದ ಕಪ್ಪು ಪರದೆ, ಪಕ್ಕದಲ್ಲಿ ಕೆಂಪು ದೀಪ.

"ಇದು?"

"ಸಾರಜನಕದ ಉಗ್ರಾಣಕ್ಕೆ. ಅಲ್ಲಿಂದ ಅಂಗಳಕ್ಕೆ. ನೆಜೀಬ್ ಬಿದ್ದಿದ್ದು ಅದರಾಚೇನೇ." ರೆಕಿಕ್ ತಲೆ ತಗ್ಗಿಸಿದರು. "ಅದು ನಿರ್ದೇಶಕರ ಕಾರ್ಡಿಗೆ ಮಾತ್ರ ತೆಗೆಯೋದು. ನಿರ್ದೇಶಕರು ಗೋರಿಯಲ್ಲಿದ್ದಾರೆ. ಅದಕ್ಕೇ ಪೊಲೀಸರು ಅದಕ್ಕೆ ಸೀಲೂ ಹಾಕಲಿಲ್ಲ."

"ಪರದೆ ಯಾತಕ್ಕೆ?"

"ಬರೋವ್ರ ಕಾರ್ಡಿನಲ್ಲಿರೋ ಹೆಸರು ತೋರ್ಸುತ್ತೆ. ಒಳಗೆ ನಾವು ಕೋಶಗಳನ್ನ ಬಿಚ್ಚಿಟ್ಕೊಂಡು ಕೂತಿರ್ತೀವಿ, ದಿಢೀರ್ ಅಂತ ಯಾರೂ ನುಗ್ಗಬಾರ್ದು ಅಂತ."

ಆಗ ಗಾಳಿಗಿಂಡಿಯ ಮೂಲಕ, ಎಲ್ಲೋ ದೂರದ ಕೋಟೆಗೋಡೆಯ ಕಡೆಯಿಂದ, ತೋಪಿನ ಸದ್ದು ಬಂತು. ಹಿಂದೆಯೇ ಬಾಂಗು.

ನಾನು ಜೇಬಿಗೆ ಕೈ ಹಾಕಿದೆ. ಝೊಹ್ರಾ ಪ್ರತಿದಿನ ನನ್ನ ಕೋಟಿನ ಜೇಬಿಗೆ ಖರ್ಜೂರ ತುಂಬಿ ಕಳಿಸುತ್ತಾಳೆ, ದಾರಿಯಲ್ಲಿ ತೋಪು ಹಾರಿದರೆ ಇರಲಿ ಎಂದು. ಒಂದನ್ನು ಬಾಯಿಗೆ ಹಾಕಿಕೊಂಡೆ. ಬಿಸಿಲಿನ ದಿನವಿಡೀ ಒಣಗಿದ ನಾಲಗೆಗೆ ಆ ಸಿಹಿ ತಾಗಿದಾಗ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಇನ್ನೊಂದನ್ನು ಅವರತ್ತ ಚಾಚಿದೆ.

"ತಗೊಳ್ಳಿ ಡಾಕ್ಟ್ರೇ. ಬೋನಿಗೆ ಬಿದ್ದ ಇಲಿಗೂ ಪಾರಣೆ ಆಗ್ಬೇಕಲ್ಲ."

ರೆಕಿಕ್ ಕೈಗವಸು ಕಳಚಿ ಖರ್ಜೂರ ತೆಗೆದುಕೊಂಡರು. "ದೇವರು ನಿಮಗೆ ಒಳ್ಳೇದು ಮಾಡ್ಲಿ," ಎಂದರು. ಅಷ್ಟೇ. ಅದನ್ನು ಹಿಡಿದುಕೊಂಡೇ ಕೂತರು.

ನಾನು ಎರಡನೆಯದನ್ನು ತಿಂದೆ. ಮೂರನೆಯದನ್ನೂ ತಿಂದೆ. ಅವರ ಖರ್ಜೂರ ಅಂಗೈಯಲ್ಲೇ ಇತ್ತು.

ಮೂವತ್ತು ವರ್ಷ ಕಳ್ಳರ ಮುಖ ನೋಡಿದ್ದೇನೆ. ತೋಪಿನ ಸದ್ದಿಗೆ ಕೊಲೆಗಾರನ ಕೈ ಕೂಡ ನೀರಿನ ಲೋಟದತ್ತ ಹೋಗುತ್ತದೆ. ಉಪವಾಸವಿದ್ದವನ ಮೈಯನ್ನು ಅವನ ಮನಸ್ಸು ತಡೆಯಲಾರದು. ಇವರು ತೋಪು ಹಾರಿದಾಗ ತಲೆಯೆತ್ತಲೂ ಇರಲಿಲ್ಲ. ಮೂಲೆಯಲ್ಲಿ ನಲ್ಲಿಯಿತ್ತು, ಅದರತ್ತ ನೋಡಲೂ ಇಲ್ಲ.

ಅಂದರೆ ಇವರಿಗೆ ಉಪವಾಸವೇ ಇರಲಿಲ್ಲ.

ಆಮೇಲೆ ಆ ಬೆರಳುಗಳನ್ನು ಕಂಡೆ. ತುದಿಗಳು ಡೋಲಿನ ಕೋಲಿನ ಹಾಗೆ ಉಬ್ಬಿದ್ದವು. ಉಗುರುಗಳು ಗಡಿಯಾರದ ಗಾಜಿನಂತೆ ದುಂಡಗೆ ಬಾಗಿದ್ದವು. ನಮ್ಮ ಸೋದರಮಾವನ ಬೆರಳು ಕೊನೆಯ ವರ್ಷ ಹೀಗೇ ಆಗಿತ್ತು. ಅವನು ಹೊಟ್ಟೆಯ ಕಾಯಿಲೆಯಲ್ಲಿ ಕಡ್ಡಿಯಾಗಿ ಹೋದ.

ಈ ಮನುಷ್ಯನ ಕೋಟು ಬೇರೆ ಯಾರದೋ ಕೋಟಿನಂತೆ ಜೋತಾಡುತ್ತಿದ್ದುದಕ್ಕೆ ಅರ್ಥ ಹೊಳೆಯಿತು.

ನಾನು ಎದ್ದು ಹೋಗಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ.

"ಏನ್ಮಾಡ್ತಿದ್ದೀರಿ?" ರೆಕಿಕ್ ಎದ್ದು ನಿಂತರು. "ನಿಮಗೆ ಅದೆಲ್ಲ ಗೊತ್ತಾಗಲ್ಲ."

"ಗೊತ್ತಾಗಲ್ಲ ಡಾಕ್ಟ್ರೇ. ಸತ್ತೋರನ್ನ ನೋಡಿ ನೋಡಿ ಅಭ್ಯಾಸ, ಹಾಗೇ ನೋಡ್ತಿದ್ದೀನಿ."

ಮೊದಲು ಬರೀ ಮಬ್ಬು. ತಿರುಪನ್ನು ಅತ್ತಿತ್ತ ಆಡಿಸಿದೆ. ಆಗ ಅವು ಎದ್ದು ಬಂದವು. ದುಂಡಗೆ, ಹೊಳೆಯುತ್ತ, ಅಂಚಿಗೆ ಬೆಳಕಿನ ಬಳೆ ತೊಟ್ಟು, ಒಂದಕ್ಕೊಂದು ಆತುಕೊಂಡು ಕೂತ ಮಣಿಗಳು. ನಡುನಡುವೆ ಕಪ್ಪಗೆ ಸುಕ್ಕಾದ ಒಂದೆರಡು. ಸತ್ತವು ಯಾವುವು, ಬದುಕಿದವು ಯಾವುವು ಎಂದು ಹೇಳಲು ಪದವಿ ಬೇಕಿರಲಿಲ್ಲ.

"ಇವು ಬದುಕಿವೆ," ಎಂದೆ. "ಯಾಕೆ ಸುಳ್ಳು ಹೇಳಿದ್ರಿ?"

ಸೀಸೆ ನನ್ನ ಮೂಗಿನ ಕೆಳಗಿಂದ ಮಾಯವಾಯಿತು. ಅಷ್ಟು ಬಡಕಲು ಮನುಷ್ಯನಿಗೆ ಅಷ್ಟು ಚುರುಕು ಎಲ್ಲಿತ್ತೋ. ಅವರು ಸೀಸೆಯನ್ನು ಎದೆಗೊತ್ತಿಕೊಂಡು ತೊಟ್ಟಿಯ ಬಳಿ ಹೋದರು. ಇನ್ನೊಂದು ಕೈ ಬ್ಲೀಚ್ ಡಬ್ಬಿಯ ಮುಚ್ಚಳ ತಿರುಗಿಸುತ್ತಿತ್ತು.

"ಹತ್ರ ಬರಬೇಡಿ. ಒಂದು ಗುಟುಕು ಸಾಕು, ಎಲ್ಲಾ ಮುಗಿಯುತ್ತೆ."

"ಮುಗಿಯೋದು ಆ ಹುಡುಗಿ ಬದುಕು ಡಾಕ್ಟ್ರೇ! ನಿಮ್ಮ ಕೈಯಲ್ಲಿರೋದು ಅವಳ ಒಂದೇ ಸಾಕ್ಷಿ. ನಿರ್ದೇಶಕರ ಜೊತೆ ಆವತ್ತು ಮಧ್ಯಾಹ್ನ ಜಗಳ ಆಡಿದ್ದು ನೀವು. ನಾನು ಇಲ್ಲಿಗೆ ಬಂದಾಗ ನೀವೇ ಕೊಂದೋರು ಅಂದ್ಕೊಂಡೇ ಬಂದೆ. ಈಗ ನೀವೇ ಅದನ್ನ ಸಾಬೀತು ಮಾಡ್ತಿದ್ದೀರಿ."

"ನೆಜೀಬ್‌ನ ನಾನು ಮುಟ್ಟಿಲ್ಲ."

"ಹಾಗಿದ್ರೆ ಆ ಡಬ್ಬಿ ಕೆಳಗಿಡಿ."

"ಇಡೋಕಾಗಲ್ಲ." ಅವರ ದನಿ ಒಡೆಯಿತು. "ಇವು ಯಾರದು ಗೊತ್ತಾ ನಿಮಗೆ?"

"ನಿಮ್ಮದು," ಎಂದೆ. "ನಿಮ್ಮ ಹೊಟ್ಟೆಯದು."

ಮುಚ್ಚಳ ನೆಲಕ್ಕೆ ಬಿದ್ದು ಉರುಳಿಕೊಂಡು ಹೋಯಿತು. ಬ್ಲೀಚಿನ ಘಾಟು ಕೋಣೆ ತುಂಬಿತು. ಮುಚ್ಚಿದ ಕೋಣೆ, ಗಂಟಲು ಉರಿಯತೊಡಗಿತು.

"ಹೇಗೆ ಗೊತ್ತಾಯ್ತು?"

"ತೋಪು ಹಾರಿತು, ನಿಮ್ಮ ಕೈಯಲ್ಲಿರೋ ಖರ್ಜೂರ ಬಾಯಿಗೆ ಹೋಗ್ಲಿಲ್ಲ."

ಅವರು ಅಂಗೈ ನೋಡಿಕೊಂಡರು. ಖರ್ಜೂರ ಸೀಸೆಗೆ ಅಂಟಿಕೊಂಡಿತ್ತು. ವಿಚಿತ್ರವಾಗಿ ನಕ್ಕರು.

"ಇಡೀ ಊರಲ್ಲಿ ರಮದಾನಿಗೆ ಕಾಯೋನು ನಾನೊಬ್ನೇ. ಈ ತಿಂಗಳು ಮಾತ್ರ 'ಯಾಕೆ ಬೆಷೀರ್, ಊಟ ಬಿಟ್ಟೆ?' ಅಂತ ಯಾರೂ ಕೇಳಲ್ಲ. ಸೊರಗಿದ್ರೆ 'ಎಂಥ ಭಕ್ತ' ಅಂತಾರೆ. ಮಾತ್ರೆಗೆ ನೀರು ಬೇಕು, ಬೆಳಗಿಂದ ಬಚ್ಚಲಲ್ಲಿ ಕದ್ದು ಕುಡೀತೀನಿ. ರೋಗಿಗೆ ಉಪವಾಸ ಮಾಫಿ, ಗೊತ್ತು. ಆದರೆ ರೋಗಿ ಅಂತ ಹೇಳ್ಕೋಬೇಕಲ್ಲ!"

"ಹೇಳ್ಕೊಂಡ್ರೆ ಏನಾಗ್ತಿತ್ತು?"

"ನೆಜೀಬ್ ನನ್ನನ್ನ ಕೆಲಸ ಬಿಡಿಸಿ ಮನೆಗೆ ಕಳಿಸ್ತಿದ್ದ. ಈ ಕಾಯಿಲೆ ಮೇಲೆ ಇಪ್ಪತ್ತು ವರ್ಷ ಕೆಲಸ ಮಾಡಿದೋನು ಸಿ ಖಮೈಸ್. ನನ್ನ ಮೇಲೆ ಬಂದಾಗ ನಾನೇ ನೋಡ್ಕೋತೀನಿ ಅಂದ್ಕೊಂಡೆ. ಸೊಕ್ಕು." ಬ್ಲೀಚ್ ಡಬ್ಬಿ ಇನ್ನೂ ಓರೆಯಾಗಿಯೇ ಇತ್ತು. "ರೋಗಿಯ ನಂಬರಿಲ್ಲದ ಸೀಸೆ ಅವನ ಕಣ್ಣಿಗೆ ಬಿತ್ತು. ಅದಕ್ಕೇ ಜಗಳ. 'ಯಾರದು ಹೇಳು' ಅಂತ ಕೂಗಾಡಿದ. ಹೇಳ್ಲಿಲ್ಲ. ಸಂಜೆ ಅವನು ಸತ್ತ."

ಮಾತಾಡುತ್ತಿರಲಿ ಎಂದು ನಾನು ಕುರ್ಚಿ ಎಳೆದು ಕೂತೆ. ಮಾತಾಡುವ ಮನುಷ್ಯ ಸುರಿಯುವುದಿಲ್ಲ.

"ಬದುಕಿದ್ರೆ ಯಾಕೆ ಹೆದರಿಕೆ ನಿಮಗೆ? ಸುಮ್ನೆ ಸುಳ್ಳು ಹೇಳೋ ಮನುಷ್ಯ ಅಲ್ಲ ನೀವು."

ಅವರು ಸೀಸೆಯನ್ನು ದೀಪಕ್ಕೆ ಹಿಡಿದರು, ನೋಡಲಿಲ್ಲ. ಮುಖ ಅತ್ತ ತಿರುಗಿಸಿಕೊಂಡೇ ಹಿಡಿದರು.

"ನಮ್ಮ ಮೈಯಲ್ಲಿ ಬಿ-ಕೋಶ ಅಂತ ಇವೆ. ರೋಗಕ್ಕೆ ಹೊಡೆಯೋ ಬಾಣ ಮಾಡೋ ಕಮ್ಮಾರರು ಅಂತ ಇಟ್ಕೊಳ್ಳಿ. ತಮ್ಮಷ್ಟಕ್ಕೆ ತಾವು ಕುಲುಮೆ ಹೊತ್ತಿಸಲ್ಲ. ಟಿ-ಕೋಶ ಅಂತ ಕಾವಲಿನೋರು ಬಂದು ಕೂಗ್ಬೇಕು. ಕೂಗು ಅಂದ್ರೆ ಒಂದೆರಡು ಪ್ರೊಟೀನು. ಅದು ಬಂದು ತಟ್ಟಿದ್ರೆ ಕಮ್ಮಾರರು ಎದ್ದು, ಒಬ್ಬ ಇಬ್ಬರಾಗಿ, ಇಬ್ಬರು ನಾಲ್ವರಾಗಿ ಕೆಲಸಕ್ಕೆ ಇಳೀತಾರೆ. ಯುದ್ಧ ಮುಗೀತು, ಕೂಗು ನಿಲ್ತು, ಕುಲುಮೆ ಆರ್ತು."

"ಸರಿ."

"ನಮ್ಮ ಕಡೆ ಕಾಯಿಲೆ ಇದ್ಯಲ್ಲ, ಕರುಳಲ್ಲಿ ಒಂದು ಕ್ರಿಮಿ ಠಿಕಾಣಿ ಹೂಡುತ್ತೆ. ಕ್ರಿಮಿ ಹೋಗಲ್ಲ, ಕೂಗು ನಿಲ್ಲಲ್ಲ, ಕಮ್ಮಾರರು ಬೆಳೀತಾನೇ ಇರ್ತಾರೆ. ಕೊನೆಗೆ ಊರಲ್ಲಿ ಅವ್ರು ಬಿಟ್ಟು ಇನ್ಯಾರಿಗೂ ಜಾಗ ಇಲ್ಲ."

"ಮದ್ದಿಲ್ವಾ?"

"ಇದೆ. ಅದೇ ಕಥೆ. ಮೊದಮೊದಲು ಕ್ರಿಮಿಗೆ ಮಾತ್ರೆ ತಗೊಂಡ್ರೆ ಸಾಕು, ಎಷ್ಟೋ ಜನಕ್ಕೆ ಕೂಗು ನಿಂತು ಗಡ್ಡೆ ಕರಗಿ ಹೋಗುತ್ತೆ. ತಡ ಆದ್ರೆ..." ಅವರು ಸೀಸೆಯನ್ನು ಕೆಳಗಿಳಿಸಿದರು. "ತಡ ಆದ್ರೆ ಈ ಮುಂಡೇವು ಕೂಗಿಲ್ಲದೇನೇ ಬೆಳೆಯೋದು ಕಲ್ತುಬಿಡ್ತವೆ. ಆಮೇಲೆ ಮಾತ್ರೆಗೆ ಬಗ್ಗಲ್ಲ. ದೊಡ್ಡ ಚಿಕಿತ್ಸೆ, ದೊಡ್ಡ ಪ್ರಾರ್ಥನೆ."

ನನಗೆ ಈಗ ನಿಧಾನವಾಗಿ ಅರ್ಥವಾಗುತ್ತಿತ್ತು.

"ಸಲೂವಾ ತಿನ್ನಿಸ್ತಿದ್ದಿದ್ದು..."

"ಆ ಕೂಗನ್ನೇ. ಸಂಕೇತದ ಪ್ರೊಟೀನು. ಅವಳಿಗೆ ಯಾರ ಕೋಶ ಅಂತ ಗೊತ್ತಿಲ್ಲ. ಅದನ್ನ ನಿಲ್ಲಿಸಿ ನೋಡಿದ್ರೆ ನನ್ನ ಹಣೆಬರಹ ಗೊತ್ತಾಗ್ತಿತ್ತು. ಕೋಶ ಸತ್ರೆ ನಾನು ಬದುಕ್ತೀನಿ. ಕೋಶ ಬದುಕಿದ್ರೆ... ನಿಲ್ಲಿಸೋ ಧೈರ್ಯ ನನಗಿರ್ಲಿಲ್ಲ. ಪೊಲೀಸರು ಬೀಗ ಹಾಕಿ ಆ ಪರೀಕ್ಷೆ ಮಾಡಿಬಿಟ್ರು. ಎಂಟು ದಿನ. ಒಂದು ಹನಿ ಕೂಗಿಲ್ಲ. ಈಗ್ತಾನೆ ಕಣ್ಣಿಟ್ಟು ನೋಡಿದೆ. ಹೊಳೀತಿದ್ವು. ಇನ್ನು ನೋಡೋಕಾಗ್ಲಿಲ್ಲ."

ಸೀಸೆಯ ಬಾಯಿ ಬಿಚ್ಚಿತು. ಡಬ್ಬಿ ಅದರತ್ತ ಬಾಗಿತು.

ನಾನು ಹಾರಬಹುದಿತ್ತು. ಅರವತ್ತಮೂರರ ಮಂಡಿ ಅದಕ್ಕೆ ಒಪ್ಪುತ್ತಿರಲಿಲ್ಲ. ಅದಕ್ಕಿಂತ ಮಿಗಿಲಾಗಿ ಅವರ ಮುಖ ನೋಡಿ ಕೈ ಏಳಲಿಲ್ಲ. ನಾವಿಬ್ಬರೂ ಬಾಗಿಲಿಲ್ಲದ ಕೋಣೆಯಲ್ಲಿದ್ದೆವು. ಅವರು ನನಗಿಂತ ಎಷ್ಟೋ ತಿಂಗಳು ಮೊದಲೇ ಒಳಗೆ ಬಂದವರು.

ಸುಮ್ಮನೆ ದಿಕ್ಕುಗೆಟ್ಟು ಕೋಣೆಯಲ್ಲಿ ಕಣ್ಣಾಡಿಸಿದೆ. ಬೆಚ್ಚನೆಯ ಪೆಟ್ಟಿಗೆಯ ಗಾಜಿನ ಬಾಗಿಲಾಚೆ ಉಳಿದ ಸೀಸೆಗಳು ಸಾಲಾಗಿದ್ದವು. ಒಂದೊಂದೂ ನಿಂಬೆಹಣ್ಣಿನ ಹಳದಿ. ಅವರ ಕೈಯಲ್ಲಿದ್ದದ್ದು ದಾಳಿಂಬೆ ಹೂವಿನ ಕೆಂಪು.

"ಡಾಕ್ಟ್ರೇ, ಒಂದು ದಡ್ಡ ಪ್ರಶ್ನೆ. ಆಮೇಲೆ ಬೇಕಾದ್ರೆ ಸುರೀರಿ."

"ಕೇಳಿ."

"ಅಲ್ಲಿರೋವೆಲ್ಲ ಯಾಕೆ ಹಳದಿ?"

"ಎಂಟು ದಿನದಿಂದ ಯಾರೂ ದ್ರವ ಬದಲಾಯಿಸಿಲ್ಲ. ಕೋಶಗಳು ತಿಂದು ಹುಳಿ ಬಿಟ್ಟಿವೆ. ಹುಳಿಯಾದ್ರೆ ಹಳದಿ, ಹೊಸದಾದ್ರೆ ಕೆ..."

ಬಾಯಿ ತೆರೆದದ್ದು ತೆರೆದೇ ಇತ್ತು. ಬಹಳ ನಿಧಾನವಾಗಿ, ಮೈಮೇಲೆ ಹಾವು ಹರಿಯುತ್ತಿದೆಯೋ ಎಂಬಂತೆ, ಅವರು ತಲೆ ತಿರುಗಿಸಿ ಸೀಸೆ ನೋಡಿದರು.

"ಕೆಂಪು," ಎಂದೆ ನಾನು.

ಡಬ್ಬಿ ತೊಟ್ಟಿಗೆ ಬಿತ್ತು. ರೆಕಿಕ್ ಸೀಸೆಯ ಬಾಯಿ ಮುಚ್ಚಿ ಸೂಕ್ಷ್ಮದರ್ಶಕದ ಕೆಳಗಿಟ್ಟರು. ಈ ಸಲ ಕಣ್ಣು ತೆಗೆಯಲೇ ಇಲ್ಲ. ಅವರ ಬೆನ್ನು ಅಲುಗತೊಡಗಿತು. ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು.

"ಗೊಂಚಲು! ಗೊಂಚಲಾಗಿವೆ ಸಿ ಖಮೈಸ್! ಈ ಕೋಶಗಳು ಕೂಗು ಕೇಳಿದಾಗ್ಲೇ ಹೀಗೆ ಒಂದಕ್ಕೊಂದು ಅಂಟಿಕೊಳ್ಳೋದು. ನಿನ್ನೆಯೋ ಮೊನ್ನೆಯೋ ಯಾರೋ ಪ್ರೊಟೀನು ಹಾಕಿದ್ದಾರೆ. ಹೊಸ ದ್ರವಾನೂ ಹಾಕಿದ್ದಾರೆ." ಅವರು ಕಣ್ಣೊರೆಸಿಕೊಂಡರು. "ನನ್ನ ಪರೀಕ್ಷೆ ಹಾಳಾಯ್ತು. ಪೂರ್ತಿ ಹಾಳಾಯ್ತು!"

ಪರೀಕ್ಷೆ ಹಾಳಾದದ್ದಕ್ಕೆ ಇಷ್ಟು ಖುಷಿಪಟ್ಟ ವಿಜ್ಞಾನಿಯನ್ನು ನಾನು ಇನ್ನೊಬ್ಬರನ್ನು ಕಾಣೆ. ನನ್ನ ಕಣ್ಣ ಮುಂದೆ ಮಾತ್ರ ದಲೆಂದಾಳ ಮನೆಯ ಆ ತಟ್ಟೆ ಬಂತು.

"ಅಂದ್ರೆ ಸಲೂವಾ ಠಾಣೇಲಿದ್ದಾಗ ಯಾರೋ ಒಳಗೆ ಬಂದಿದ್ದಾರೆ. ಈ ಮಾತನ್ನ ಬೆಳಿಗ್ಗೆ ನ್ಯಾಯಾಧೀಶರ ಮುಂದೆ ಹೇಳ್ತೀರಾ? ಇದು ಯಾರ ಕೋಶ ಅನ್ನೋದನ್ನೂ ಸೇರಿಸಿ?"

ನಗು ನಿಂತಿತು. ಅವರು ತಮ್ಮ ಬೆರಳುಗಳನ್ನು ನೋಡಿಕೊಂಡರು.

"ಹೇಳ್ತೀನಿ," ಎಂದರು. ಕೈಗವಸನ್ನು ಮತ್ತೆ ತೊಡಲಿಲ್ಲ. ಸೀಸೆಗೆ ಅಂಟಿದ್ದ ಖರ್ಜೂರವನ್ನು ಬಿಡಿಸಿ, ಒರೆಸಿ, ನನ್ನ ಕೈಗೆ ವಾಪಸು ಇಟ್ಟರು. "ಹೊಟ್ಟೆ ಒಪ್ಪಲ್ಲ. ತಪ್ಪು ತಿಳ್ಕೋಬೇಡಿ."

"ಒಳಗೆ ಬಂದಿದ್ದು ಹೇಗೆ? ಮುಂಬಾಗಿಲ ಸೀಲು ನನ್ನ ಕಣ್ಣೆದುರೇ ಒಡೆದಿದ್ದು. ಗಟ್ಟಿಯಾಗಿತ್ತು."

ಇಬ್ಬರೂ ಒಟ್ಟಿಗೇ ಹಿಂದಿನ ಬಾಗಿಲ ಕಡೆ ತಿರುಗಿದೆವು.

"ನೆಜೀಬ್ ಕಾರ್ಡು ದಾಖಲೆಗೆ ಬೀಳಲ್ಲ," ರೆಕಿಕ್ ಪಿಸುಗುಟ್ಟಿದರು. "ತಾನು ಎಷ್ಟೊತ್ತಿಗೆ ಬಂದೆ ಹೋದೆ ಅಂತ ಯಾರೂ ಲೆಕ್ಕ ಇಡಬಾರ್ದು ಅಂತ ಹಾಗೆ ಮಾಡಿಸ್ಕೊಂಡಿದ್ದ."

"ಆ ಕಾರ್ಡು ಈಗೆಲ್ಲಿದೆ?"

"ಅವನ ಜೇಬಲ್ಲಿ ಇದ್ದಿರ್ಬೇಕಲ್ಲ?"

"ಇರ್ಲಿಲ್ಲ. ಹೆಣದ ಮೇಲಿದ್ದ ಬಟ್ಟೆ ಬರೆ ಎಲ್ಲಾ ಅವರ ಹೆಂಡತಿ ಕೈಯಲ್ಲಿ ನೋಡಿದ್ದೀನಿ. ಕನ್ನಡಕ ಇತ್ತು, ಗಡಿಯಾರ ಇತ್ತು. ಕಾರ್ಡು ಮನೇಲಿರ್ಬೇಕು ಅಂತ ಪೊಲೀಸರು ಅಂದ್ಕೊಂಡ್ರು, ಪೊಲೀಸರ ಹತ್ರ ಇರ್ಬೇಕು ಅಂತ ಆಯಮ್ಮ ಅಂದ್ಕೊಂಡ್ರು."

"ಸಿ ಖಮೈಸ್." ರೆಕಿಕ್ ನನ್ನ ತೋಳು ಹಿಡಿದರು. ಆ ಉಬ್ಬಿದ ಬೆರಳುಗಳು ತಣ್ಣಗಿದ್ದವು. "ಸಲೂವಾ ಸಂಜೆ ಹೊತ್ತೇ ತಿನ್ನಿಸ್ತಿದ್ಲು. ದಿನ ಬಿಟ್ಟು ದಿನ. ಇದನ್ನ ಮಾಡ್ತಿರೋರಿಗೆ ಆ ಲೆಕ್ಕ ಗೊತ್ತಿದೆ. ಊರೆಲ್ಲ ಸೂಪಿನ ಮುಂದೆ ಕೂತಿರೋ ಹೊತ್ತು, ಕಾವಲಿಲ್ಲ, ಬೀದೀಲಿ ನರಪಿಳ್ಳೆ ಇಲ್ಲ..."

"ಅಂದ್ರೆ?"

"ಮೊನ್ನೆ ಹಾಕಿದ್ರೆ, ಇವತ್ತು ಮತ್ತೆ ಹಾಕ್ಬೇಕು."

ನಾನು ಸೀಸೆಯನ್ನು ಕೋಟಿನೊಳಗೆ ಇಟ್ಟುಕೊಂಡೆ. ಅದರ ಬಿಸುಪು ಅಂಗಿಯಾಚೆ ಎದೆಗೆ ತಾಗಿತು.

ಹಿಂದಿನ ಬಾಗಿಲ ಮೇಲಿನ ಕೆಂಪು ದೀಪ ಹಸಿರಾಯಿತು. ಕಪ್ಪು ಪರದೆ ಮಿಣುಕಿ, ಬರುತ್ತಿರುವವರ ಹೆಸರು ತೋರಿಸಿತು: ನೆಜೀಬ್ ಎಲ್ಲೂಜ್, ನಿರ್ದೇಶಕರು.